ಕುಂಡದಲ್ಲಿ ತೆಂಗಿನ ನೆಂಟರು

ಮುಂಗಾರು ಕಾಲಿಟ್ಟಿದೆ. ಗಿಡ ಕೊಳ್ಳುವವರು, ನೆಡುವವರು, ಕುಂಡ ಬದಲಾಯಿಸುವವರು ಕಾಯುವ ಕಾಲ ಇದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ನರ್ಸರಿಗಳಲ್ಲಿ ಈಗ ಗುಲಾಬಿ, ದಾಸವಾಳಗಳ ಪಕ್ಕದಲ್ಲೇ ಕಪ್ಪು ಪ್ಲಾಸ್ಟಿಕ್ ಚೀಲದೊಳಗಿಂದ ಗರಿ ಬಿಚ್ಚಿಕೊಂಡು ಸಾಲುಸಾಲು ಪಾಮ್ ಗಿಡಗಳು ನಿಂತಿರುತ್ತವೆ. ಗೃಹಪ್ರವೇಶಕ್ಕೆಂದು ಜೋಡಿ ಗಿಡ ಕೊಳ್ಳುವವರಿದ್ದಾರೆ. ಅಂಗಡಿ ಬಾಗಿಲಿಗೆ, ಕಚೇರಿಯ ಮೆಟ್ಟಿಲಿಗೆ ಕೊಳ್ಳುವವರಿದ್ದಾರೆ. ಹಾಗೆ ಕೊಂಡವರಲ್ಲಿ ಬಹಳ ಮಂದಿ ಮುಂದಿನ ಬೇಸಿಗೆಯ ಹೊತ್ತಿಗೆ ಕೇಳುವ ಪ್ರಶ್ನೆ ಒಂದೇ: ಗರಿಯ ತುದಿ ಯಾಕೆ ಒಣಗುತ್ತಿದೆ?

ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮದು ತೆಂಗು ಕಂಡ ಸೀಮೆ. ಹಿತ್ತಲಲ್ಲಿ ನಾಲ್ಕು ತೆಂಗಿನ ಮರ ಇಲ್ಲದ ಹಳೆಯ ಮನೆ ಚನ್ನಪಟ್ಟಣದ ಕಡೆ ಹುಡುಕಿದರೆ ಸಿಕ್ಕೀತು, ಅಷ್ಟೆ. ಕುಂಡದಲ್ಲಿ ನಿಂತ ಪಾಮ್ ಆ ತೆಂಗಿನ, ಅಡಕೆಯ, ಈಚಲಿನ, ಬೈನೆಯ ಕುಲದ್ದೇ. ಲೋಕದಲ್ಲಿ ಈ ಕುಲಕ್ಕೆ ಸೇರಿದ ಸುಮಾರು 2,600 ಜಾತಿಗಳಿವೆ. ಮನೆಯೊಳಗೆ ಹೊಂದಿಕೊಂಡು ಬಾಳುವಂಥವು ಬೆರಳೆಣಿಕೆಯಷ್ಟು. ಅಜ್ಜ ತೆಂಗಿನ ಸಸಿಯನ್ನು ಹೇಗೆ ನೋಡಿಕೊಂಡರೋ ಆ ತಿಳಿವಳಿಕೆಯ ಮುಕ್ಕಾಲು ಭಾಗ ಮೊಮ್ಮಗಳ ಬಾಲ್ಕನಿಯ ಕುಂಡಕ್ಕೂ ಸಲ್ಲುತ್ತದೆ. ಸಲ್ಲದ ಕಾಲು ಭಾಗವನ್ನೂ ತಿಳಿದುಕೊಳ್ಳಬೇಕು. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಸುಳಿಯ ಮಾತು. ಮಾವಿನ ಕೊಂಬೆ ಕಡಿದರೆ ಪಕ್ಕದಿಂದ ಚಿಗುರುತ್ತದೆ. ಹಿಪ್ಪುನೇರಳೆಯನ್ನಂತೂ ನಮ್ಮ ರೈತರು ಬುಡದ ಹತ್ತಿರಕ್ಕೆ ಕತ್ತರಿಸಿ ಬಿಡುತ್ತಾರೆ. ವಾರಗಳಲ್ಲಿ ಹಸಿರು ತುಂಬಿಕೊಳ್ಳುತ್ತದೆ. ತೆಂಗಿಗೆ ಆ ಭಾಗ್ಯವಿಲ್ಲ. ಬೆಳೆಯುವ ಜಾಗ ಒಂದೇ, ನೆತ್ತಿಯಲ್ಲಿರುವ ಸುಳಿ. ಸುಳಿ ಕೊಳೆಯಿತೆಂದರೆ ಮರ ಮುಗಿಯಿತು. ಕುಂಡದ ಪಾಮ್‌ಗೂ ಇದೇ ನಿಯಮ. ಗುಂಪಾಗಿ ಬೆಳೆಯುವ ಜಾತಿಗಳಲ್ಲಿ ಬುಡದಿಂದ ಬೇರೆ ಕಂದು ಬರಬಹುದು, ಆದರೆ ಸುಳಿ ಹೋದ ಕಾಂಡ ಮತ್ತೆ ಏಳುವುದಿಲ್ಲ. ಎತ್ತರ ಹೆಚ್ಚಾಯಿತು, ಸೂರು ಮುಟ್ಟುತ್ತಿದೆ ಎಂದು ತಲೆ ಕತ್ತರಿಸುವವರು ಇದನ್ನು ನೆನಪಿಡಬೇಕು. ಸಂಜೆ ಹೊತ್ತು ನೆತ್ತಿಯ ಮೇಲೆ ನೀರು ಸುರಿದು, ರಾತ್ರಿಯಿಡೀ ಸುಳಿಯಲ್ಲಿ ನೀರು ನಿಲ್ಲುವಂತೆ ಮಾಡುವುದೂ ಒಳ್ಳೆಯದಲ್ಲ. ನೀರು ಬುಡಕ್ಕೆ ಹೋಗಲಿ.

ಕಾಂಡದ ವಿಷಯದಲ್ಲೂ ಹೀಗೆಯೇ. ಬೇವಿನ ಮರಕ್ಕೆ ಗಾಯವಾದರೆ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ಪಾಮ್‌ನ ಕಾಂಡಕ್ಕೆ ಆ ಶಕ್ತಿಯಿಲ್ಲ. ತೆಂಗಿನ ಮರದಲ್ಲಿ ಹಿಂದೆ ಹತ್ತಲು ಕಡಿದ ಕಚ್ಚು ಇವತ್ತಿಗೂ ಹಾಗೇ ಇರುವುದನ್ನು ನೀವು ನೋಡಿದ್ದೀರಿ. ಆದ್ದರಿಂದ ಹಬ್ಬಕ್ಕೆ ಸೀರಿಯಲ್ ಲೈಟ್ ಕಟ್ಟುವಾಗ ಕಾಂಡಕ್ಕೆ ಮೊಳೆ ಹೊಡೆಯಬೇಡಿ, ತಂತಿ ಬಿಗಿಯಬೇಡಿ. ಅಂಗಳದ ದೊಡ್ಡ ಪಾಮ್ ಆದರೆ ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳುವೂ ಬರುತ್ತದೆ.

ಇನ್ನು ಯಾವ ಗಿಡ ಕೊಳ್ಳಬೇಕು? ಅತಿ ಹೆಚ್ಚು ಮಾರಾಟವಾಗುವುದು ಅರೇಕಾ ಪಾಮ್. ನಮ್ಮ ಅಡಕೆಯಂತೆ ಕಂಡರೂ ಇದರ ತವರು ಮಡಗಾಸ್ಕರ್ ದ್ವೀಪ. ಹಳದಿ ಮಿಶ್ರಿತ ದಂಟು, ಬಾಗಿದ ಗರಿ, ಗುಂಪಾಗಿ ಏಳುವ ಸ್ವಭಾವ. ಬೆಲೆ ಕಡಿಮೆ, ನೋಟ ಚೆನ್ನ. ಆದರೆ ಇದಕ್ಕೆ ಬೆಳಕು ಬೇಕು. ಪೂರ್ವದ ಕಿಟಕಿ ಅಥವಾ ಗ್ರಿಲ್ ಹಾಕಿದ ವರಾಂಡ ಇದ್ದರೆ ತನ್ನಿ. ಹಜಾರದ ಕತ್ತಲೆ ಮೂಲೆಗಾದರೆ ಬೇಡ.

ಕತ್ತಲೆ ಮೂಲೆಗೆ ನಾನು ಧೈರ್ಯವಾಗಿ ಹೇಳುವ ಗಿಡ ರಾಪಿಸ್, ಲೇಡಿ ಪಾಮ್ ಎನ್ನುತ್ತಾರಲ್ಲ, ಅದು. ಬಿದಿರಿನಂಥ ಸಣ್ಣ ಕಾಂಡ, ಕಾಂಡಕ್ಕೆ ಸುತ್ತಿಕೊಂಡ ಕಂದು ನಾರು, ಬೆರಳು ಬಿಡಿಸಿದ ಅಂಗೈಯಂಥ ಎಲೆ. ದಕ್ಷಿಣ ಚೀನಾದ ಕಡೆಯ ಗಿಡ. ಜಪಾನಿನವರು ಎಡೊ ಕಾಲದಿಂದ ಇದನ್ನು ಕುಂಡದಲ್ಲಿ ಸಾಕುತ್ತಾ, ಎಲೆಯಲ್ಲಿ ಬಿಳಿ ಪಟ್ಟೆ ಬಂದದ್ದನ್ನು, ಕುಳ್ಳಗಾದದ್ದನ್ನು ಆರಿಸಿ ಆರಿಸಿ, ಒಂದೊಂದಕ್ಕೂ ಹೆಸರಿಟ್ಟು ಬೆಳೆಸಿದ್ದಾರೆ. ಬೆಳವಣಿಗೆ ಬಹಳ ನಿಧಾನ, ಅದಕ್ಕೇ ಬೆಲೆ ಜಾಸ್ತಿ. ಆದರೆ ಮಂದ ಬೆಳಕು, ಒಣ ಗಾಳಿ, ಒಂದೆರಡು ದಿನ ನೀರು ಮರೆತದ್ದು ಎಲ್ಲವನ್ನೂ ತಾಳುತ್ತದೆ. ಒಂದೇ ಪಾಮ್ ಕೊಳ್ಳುವ ಮನೆಯವರು ಇದನ್ನೇ ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ಮೇಜಿನ ಮೇಲೆ ಇಡುವಷ್ಟು ಚಿಕ್ಕದು ಬೇಕೆಂದರೆ ಪಾರ್ಲರ್ ಪಾಮ್ ಇದೆ. ಮೆಕ್ಸಿಕೋ, ಗ್ವಾಟೆಮಾಲಗಳ ದಟ್ಟ ಕಾಡಿನಲ್ಲಿ ದೊಡ್ಡ ಮರಗಳ ನೆರಳಲ್ಲೇ ಬೆಳೆಯುವ ಗಿಡವಾದ್ದರಿಂದ ನೆರಳು ಅದಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಸಿಲು ಕಾಣದ ಬೈಠಕ್ ಖಾನೆಗಳಲ್ಲಿ ಇದೂ, ಲಾರ್ಡ್ ಹೋವ್ ದ್ವೀಪದ ಕೆಂಟಿಯಾ ಪಾಮ್ ಕೂಡ ಮೆರೆದವು. ನೇರ ಬಿಸಿಲು ಬಿದ್ದರೆ ಪಾರ್ಲರ್ ಪಾಮ್ ಬೆಳ್ಳಗಾಗಿ ಸುಟ್ಟುಹೋಗುತ್ತದೆ.

ಅಂಗಳಕ್ಕೆ, ತಾರಸಿಗೆ ಗಿಡ್ಡ ಈಚಲು ಬಹಳ ಚೆನ್ನ. ನರ್ಸರಿಯವರು ಪಿಗ್ಮಿ ಡೇಟ್, ಫೀನಿಕ್ಸ್ ಎನ್ನುತ್ತಾರೆ. ಲಾವೋಸ್, ವಿಯೆಟ್ನಾಂ ಕಡೆಯ ನದಿ ದಂಡೆಗಳದು, ಎರಡು ಮೂರು ಮೀಟರ್‌ಗಿಂತ ಎತ್ತರ ಹೋಗುವುದು ಅಪರೂಪ. ಗರಿಯ ಬುಡದಲ್ಲಿ ಸೂಜಿಯಂಥ ಮುಳ್ಳುಗಳಿರುತ್ತವೆ. ಮಕ್ಕಳು ಓಡಾಡುವ ದಾರಿಯ ಪಕ್ಕ, ಕಣ್ಣಿನ ಎತ್ತರಕ್ಕೆ ಇಡಬೇಡಿ. ಮೀನಿನ ಬಾಲದಂಥ ಎಲೆಯ ಫಿಶ್‌ಟೇಲ್ ಪಾಮ್ ನಮ್ಮ ಬೈನೆಯ ಹತ್ತಿರದ ಸಂಬಂಧಿ. ಅದರ ಹಣ್ಣಿನ ರಸ ತಾಗಿದರೆ ವಿಪರೀತ ತುರಿಕೆ. ಬುಡ ಉಬ್ಬಿದ ಬಾಟಲ್ ಪಾಮ್ ಮಾರಿಷಸ್ ಹತ್ತಿರದ ಒಂದು ಪುಟ್ಟ ದ್ವೀಪದ ಗಿಡ. ತವರಿನ ಕಾಡಿನಲ್ಲಿ ಅಳಿವಿನ ಅಂಚಿಗೆ ಹೋಗಿ, ಲೋಕದ ಅಂಗಳಗಳಲ್ಲಿ ಉಳಿದುಕೊಂಡಿದೆ. ನರಿ ಬಾಲದ ಫಾಕ್ಸ್‌ಟೇಲ್ ಪಾಮ್ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನದು. ಚಿಕ್ಕಂದಿನಲ್ಲಿ ಮುದ್ದಾಗಿ ಕಂಡರೂ ಮನೆಯೆತ್ತರ ದಾಟುತ್ತದೆ. ಕಾಂಪೌಂಡ್ ಮತ್ತು ಗೋಡೆಯ ನಡುವಿನ ಮೂರಡಿ ಜಾಗದಲ್ಲಿ ಅದನ್ನು ನೆಟ್ಟು ಕೊನೆಗೆ ಕಡಿಯುವುದಕ್ಕಿಂತ ಗಿಡ್ಡ ಈಚಲೇ ವಾಸಿ.

ಸೈಕಸ್ ಬಗ್ಗೆ ಒಂದು ಎಚ್ಚರಿಕೆ. ಸಾಗೋ ಪಾಮ್ ಎಂದು ಅದನ್ನೂ ಇವುಗಳ ಜೊತೆಗೇ ಮಾರುತ್ತಾರೆ. ಅದು ಈ ಕುಲದ ಗಿಡವೇ ಅಲ್ಲ, ಬಹು ಪುರಾತನವಾದ ಬೇರೆ ವಂಶ. ಬೀಜದಿಂದ ಎಲೆಯವರೆಗೆ ವಿಷ. ನಾಯಿಮರಿ ಇರುವ ಮನೆಯಲ್ಲಿ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಕೂಸು ಇರುವ ಮನೆಯಲ್ಲಿ ಅದು ಬೇಡ.

ಮನೆಯೊಳಗೆ ಪಾಮ್ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅಮೆರಿಕದ ನಾಸಾ ಸಂಸ್ಥೆಗಾಗಿ ವೊಲ್ವರ್ಟನ್ ಎಂಬ ವಿಜ್ಞಾನಿ 1989ರಲ್ಲಿ ಕೊಟ್ಟ ವರದಿಯಿಂದ ಅದು ಹಬ್ಬಿತು. ಅವರು ಪರೀಕ್ಷೆ ಮಾಡಿದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಯೊಳಗೆ. ಇಂಥ ಪರೀಕ್ಷೆಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು, ಕಿಟಕಿಯಿಂದ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರಿಗೆ ಕನಿಷ್ಠ 10, ಕೆಲವು ಲೆಕ್ಕದಲ್ಲಿ 1,000 ಗಿಡ ಬೇಕು ಎಂದರು. ಗಾಳಿಗೆ ಕಿಟಕಿ ತೆರೆಯಿರಿ. ಪಾಮ್ ಅನ್ನು ಅದರ ಚೆಲುವಿಗಾಗಿ, ಹೊಸ ಗರಿ ಬಿಚ್ಚುವುದನ್ನು ಕಾಯುವ ಸುಖಕ್ಕಾಗಿ ಸಾಕಿ. ಅಷ್ಟು ಕಾರಣ ಸಾಕು.

ಈಗ ತುದಿ ಒಣಗುವ ಪ್ರಶ್ನೆ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ನೀರು. ನೀರು ಕಡಿಮೆಯಾದದ್ದಕ್ಕಿಂತ ಹೆಚ್ಚಾಗಿ ನೀರಿನ ಗುಣ. ಬಂಡೆಯ ನಾಡು ನಮ್ಮದು, ಆಳದ ಬೋರ್‌ವೆಲ್ ನೀರು ಗಡಸು. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿರುವುದನ್ನು ನೋಡಿ, ಅದೇ ಉಪ್ಪು. ದಿನಾ ಸ್ವಲ್ಪ ಸ್ವಲ್ಪವೇ ಚಿಮುಕಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ಬೇರು ಹೀರಿದ ಉಪ್ಪು ಗರಿಯ ತುದಿಗೆ ಹೋಗಿ ಸೇರುತ್ತದೆ, ತುದಿ ಸುಡುತ್ತದೆ. ಅರೇಕಾ, ಪಾರ್ಲರ್ ಎರಡೂ ಫ್ಲೋರೈಡ್ ಇರುವ ನೀರಿಗೂ ಇದೇ ರೀತಿ ಸೊರಗುತ್ತವೆ. ಇದಕ್ಕೆ ಉಪಾಯ ಇಷ್ಟೆ: ಕೊಡುವಾಗ ಕುಂಡದ ತಳದ ತೂತಿನಿಂದ ಹರಿದು ಬರುವಷ್ಟು ಕೊಡಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಮತ್ತೆ ಮೇಲಿನ ಒಂದಂಗುಲ ಮಣ್ಣು ಒಣಗುವವರೆಗೆ ಸುಮ್ಮನಿರಿ. ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ. ಈಗ ಮಳೆ ಬರುವಾಗ ಕುಂಡಗಳನ್ನು ಸೂರಿನಂಚಿಗೆ ತಂದು ಚೆನ್ನಾಗಿ ತೋಯಿಸಿ, ವರ್ಷದ ಉಪ್ಪೆಲ್ಲ ತೊಳೆದು ಹೋಗಲಿ. ಮಳೆ ನೀರು ಒಂದು ಡ್ರಮ್ ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ಕಣ್ಣಿಗೆ ಕೆಟ್ಟದಾಗಿ ಕಂಡರೆ ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಆದರೆ ಹಸಿರು ಭಾಗಕ್ಕೆ ಕತ್ತರಿ ತಾಗದಂತೆ ಕೂದಲೆಳೆಯಷ್ಟು ಕಂದು ಅಂಚು ಬಿಡಿ.

ಗರಿಯನ್ನು ಓದುವುದು ಕಲಿತರೆ ಪಾಮ್ ತನ್ನ ಹಸಿವನ್ನು ತಾನೇ ಹೇಳುತ್ತದೆ. ಹಳೆಯ ಗರಿ ಹೇಳುವುದು ಒಂದು, ಹೊಸ ಗರಿ ಹೇಳುವುದು ಇನ್ನೊಂದು. ಪೊಟ್ಯಾಷ್ ಕೊರತೆಯಾದರೆ ಗಿಡ ಹಳೆಯ ಗರಿಯಲ್ಲಿದ್ದುದನ್ನು ಹೀರಿ ಹೊಸ ಗರಿಗೆ ಕೊಡುತ್ತದೆ. ಆಗ ಕೆಳಗಿನ ಗರಿಗಳಲ್ಲಿ ಹಳದಿ, ಕಿತ್ತಳೆ ಚುಕ್ಕೆ ಬಿದ್ದು ತುದಿಯಿಂದ ಒಣಗುತ್ತಾ ಬರುತ್ತದೆ. ಮೆಗ್ನೀಸಿಯಂ ಕಡಿಮೆಯಾದರೆ ಅದೇ ಕೆಳಗಿನ ಗರಿಗಳ ಅಂಚು ಅಗಲವಾಗಿ ಹಳದಿಯಾಗುತ್ತದೆ, ನಡುವೆ ಮಾತ್ರ ಹಸಿರು ಉಳಿಯುತ್ತದೆ. ಹೀಗೆ ಹಳದಿಯಾದ ಗರಿಯನ್ನು ಅಂದಗೆಟ್ಟಿದೆಯೆಂದು ಕತ್ತರಿಸಿ ಬಿಸಾಡಿದರೆ, ಗಿಡ ಉಳಿಸಿಕೊಂಡಿದ್ದ ಕೊನೆಯ ಪೊಟ್ಯಾಷನ್ನೂ ಕಿತ್ತುಕೊಂಡಂತೆ. ಅದು ಮೇಲಿನ ಗರಿಯಿಂದ ಹೀರಲು ಶುರುಮಾಡುತ್ತದೆ. ಪೂರ್ತಿ ಕಂದಾಗಿ ಒಣಗಿದ ಗರಿಯನ್ನಷ್ಟೇ ತೆಗೆಯಿರಿ. ತೆಂಗಿನ ತೋಟದವರು ಒಣಗಿದ ಸೋಗೆ ತಾನಾಗಿ ಬೀಳಲಿ ಎಂದು ಬಿಡುವುದು ಸರಿಯಾದ ಕ್ರಮವೇ.

ಹೊಸ ಗರಿಯೇ ಹಳದಿಯಾಗಿ ಬಂದರೆ ಕಥೆ ಬೇರೆ. ಅದು ಹೆಚ್ಚಾಗಿ ಕಬ್ಬಿಣದ ಕೊರತೆ, ಮತ್ತು ಬಹಳ ಸಲ ಮಣ್ಣಲ್ಲಿ ಕಬ್ಬಿಣ ಇಲ್ಲದ್ದರಿಂದಲ್ಲ, ಬೇರಿಗೆ ಉಸಿರಾಡಲು ಆಗದ್ದರಿಂದ. ನೀರು ನಿಂತಿದೆಯೇ, ಕಾಂಡವನ್ನು ಆಳಕ್ಕೆ ಹೂತಿದ್ದೇವೆಯೇ ನೋಡಬೇಕು. ತೆಂಗಿನ ತಿಳಿವಳಿಕೆ ಸಲ್ಲದ ಕಾಲು ಭಾಗ ಎಂದೆನಲ್ಲ, ಅದರಲ್ಲಿ ಇದೊಂದು. ತೆಂಗಿನ ಸಸಿಯನ್ನು ಗುಂಡಿಯಲ್ಲಿ ತಗ್ಗಿಗೆ ಇಟ್ಟು ಕ್ರಮೇಣ ಮಣ್ಣು ತುಂಬುತ್ತೇವೆ. ಕುಂಡದ ಪಾಮ್‌ಗೆ ಹಾಗೆ ಮಾಡಬಾರದು. ಚೀಲದಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ಕುಂಡದಲ್ಲೂ ಅಲ್ಲಿಗೇ ಇರಬೇಕು. ಹೊಸ ಗರಿ ಸುಕ್ಕಾಗಿ, ಸುಟ್ಟಂತೆ ಮುರುಟಿ ಬಂದರೆ ಮ್ಯಾಂಗನೀಸ್ ಕೊರತೆಯ ಸಂಶಯ ಪಡಬೇಕು.

ಮಣ್ಣು ಹೇಗಿರಬೇಕು? ನಮ್ಮ ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಸ್ವಲ್ಪ. ನಾರಿನ ಪುಡಿಯಲ್ಲೂ ಉಪ್ಪು ಇರುತ್ತದೆ, ನೆನೆಹಾಕಿ ಹಿಂಡಿಯೇ ಬಳಸಬೇಕು. ಗೊಬ್ಬರ ಅರೆಬರೆ ಕಳಿತಿದ್ದರೆ ಅದರೊಳಗೆ ಕೊಕ್ಕೆಯಂತೆ ಬಾಗಿದ ಬಿಳಿ ಗೊಬ್ಬರದ ಹುಳು ಬರುತ್ತದೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿಯೂ ಅದರಲ್ಲಿರಬಹುದು.

ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವಿನ ಹಿಕ್ಕೆ, ತಿಂದುಳಿದ ಸೊಪ್ಪು ರಾಶಿ ಬೀಳುತ್ತದೆ. ಕಾಂಪೋಸ್ಟ್ ಮಾಡಿದರೆ ಸಾರಜನಕ ತುಂಬಿದ ಒಳ್ಳೆಯ ಗೊಬ್ಬರ ಅದು, ಪಾಮ್‌ಗೂ ಹಿತ. ಆದರೆ ಹುಳುವಿನ ಹಾಸಿಗೆಗೆ ಉದುರಿಸಿದ ಸುಣ್ಣದ ಪುಡಿ ಅದರಲ್ಲಿ ಸೇರಿರುತ್ತದೆ. ಸುಣ್ಣ ಹೆಚ್ಚಾದರೆ ಮಣ್ಣು ಕ್ಷಾರವಾಗಿ, ಕಬ್ಬಿಣ ಇದ್ದರೂ ಬೇರಿಗೆ ದಕ್ಕದೆ ಹೊಸ ಗರಿ ಬಿಳಚಿಕೊಳ್ಳುತ್ತದೆ. ಹಾಗಾಗಿ ಒಂದು ಕುಂಡಕ್ಕೆ ಒಂದೆರಡು ಹಿಡಿ ಸಾಕು.

ಕುಂಡವನ್ನು ವರ್ಷವರ್ಷ ಬದಲಾಯಿಸಬೇಕಾಗಿಲ್ಲ. ಬೇರು ತುಸು ಬಿಗಿಯಾಗಿದ್ದರೇ ಪಾಮ್‌ಗೆ ಇಷ್ಟ. ಎರಡು ಮೂರು ವರ್ಷಕ್ಕೊಮ್ಮೆ, ಈ ಮಳೆಗಾಲದಲ್ಲಿ, ಮೊದಲಿನದಕ್ಕಿಂತ ಎರಡಂಗುಲ ಅಗಲದ ಕುಂಡಕ್ಕೆ, ಬೇರಿನ ಮುದ್ದೆ ಒಡೆಯದಂತೆ ಇಳಿಸಿ. ಒಳಗಿದ್ದ ಗಿಡವನ್ನು ಹೊರಗೆ ತರುವಾಗಲೂ ಅವಸರ ಬೇಡ. ನರ್ಸರಿಯಲ್ಲಿ ನೆರಳು ಬಲೆಯಡಿ ಬೆಳೆದ ಗಿಡವನ್ನು ಏಕಾಏಕಿ ಬಿಸಿಲಿಗಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಗರಿ ಸುಡುತ್ತದೆ. ಮೊದಲು ಬೆಳಗಿನ ಬಿಸಿಲು, ಕೆಲವು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಗೆ. ಬಂಡೆಗಳು ಕಾದು ರಾತ್ರಿಯವರೆಗೂ ಬಿಸಿ ಉಗುಳುವ ಊರು ನಮ್ಮದು. ಏಪ್ರಿಲ್ ತಿಂಗಳಲ್ಲಿ ಪಶ್ಚಿಮದ ಗೋಡೆಗೆ ಒರಗಿಸಿದ ಕುಂಡ ಸಂಜೆಗೆ ಕೈಸುಡುತ್ತದೆ. ಬೇರು ಬೇಯುವುದು ಅಲ್ಲಿಯೇ.

ಇನ್ನು ಕೀಟ. ಇದನ್ನು ನಮ್ಮ ಜಿಲ್ಲೆಯವರು ವಿಶೇಷವಾಗಿ ಕಿವಿಗೊಟ್ಟು ಕೇಳಬೇಕು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ನಮ್ಮ ದೇಶಕ್ಕೆ ಹೊಸದಾದ ಒಂದು ಬಿಳಿನೊಣ ತೆಂಗಿನ ಮೇಲೆ ಕಾಣಿಸಿಕೊಂಡಿತು. ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ, ಮೇಣದ ಪುಡಿಯ ನಡುವೆ ಮೊಟ್ಟೆ ಇಡುತ್ತದೆ. ಅದು ಸುರಿಸುವ ಅಂಟು ಕೆಳಗಿನ ಗರಿಯ ಮೇಲೆ ಬಿದ್ದು ಕಪ್ಪು ಬೂಷ್ಟು ಬೆಳೆಯುತ್ತದೆ. ಕರ್ನಾಟಕದ ತೆಂಗಿನ ಸೀಮೆಗೂ ಅದು ಹಬ್ಬಿತು. ಈ ನೊಣ ತೆಂಗಿನಷ್ಟೇ ಪ್ರೀತಿಯಿಂದ ಅಲಂಕಾರದ ಪಾಮ್‌ಗಳ ಮೇಲೂ ಕೂರುತ್ತದೆ. ನಗರದ ನರ್ಸರಿಯಿಂದ ಕಾರಿನಲ್ಲಿ ತಂದ ಒಂದು ಗಿಡ ಅದನ್ನು ಹಿತ್ತಲಿನ ತೆಂಗಿಗೆ ತಲುಪಿಸಬಲ್ಲದು. ಕೊಳ್ಳುವ ಮುಂಚೆ ಗರಿಯನ್ನು ಮಗುಚಿ ಅಡಿಯನ್ನು ನೋಡಿ. ಬಿಳಿ ಸುರುಳಿ, ಹತ್ತಿಯಂಥ ಹಿಟ್ಟು ತಿಗಣೆ, ದಂಟಿಗೆ ಅಂಟಿದ ಕಂದು ಹುರುಪೆಯಂಥ ಶಲ್ಕ ಕೀಟ ಕಂಡರೆ ಆ ಗಿಡ ಬೇಡ. ತಂದ ಗಿಡವನ್ನೂ ಒಂದೆರಡು ವಾರ ಬೇರೆಯಾಗಿಯೇ ಇಡಿ.

ಕೀಟ ಬಂದರೆ ಔಷಧಿಯ ಡಬ್ಬಿಗೆ ಕೈ ಹಾಕುವ ಮುನ್ನ ಯೋಚಿಸಬೇಕು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ನಮ್ಮ ರಾಮನಗರದಲ್ಲಿದೆ; ಎಷ್ಟೋ ಮನೆಗಳಲ್ಲಿ ಹುಳು ಸಾಕುವ ಕೋಣೆ ಪಕ್ಕದಲ್ಲೇ ಇದೆ. ಕೀಟನಾಶಕದ ತುಂತುರು ಹಿಪ್ಪುನೇರಳೆ ಸೊಪ್ಪಿಗೆ ಹಾರಿದರೆ, ಸಿಂಪಡಿಸಿದ ಕೈಯಲ್ಲೇ ಸೊಪ್ಪು ಮುಟ್ಟಿದರೆ ಇಡೀ ಚಾಕಿ, ಅಂದರೆ ಎಳೆಯ ಹುಳುಗಳೆಲ್ಲ, ಸಾಯಬಹುದು. ಬೇವಿನ ಎಣ್ಣೆ, ಹೊಗೆಸೊಪ್ಪಿನ ಕಷಾಯ ಮನೆಮದ್ದು ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ರೇಷ್ಮೆ ಹುಳುವಿಗೆ ಅವೂ ಕುತ್ತೇ. ಕುಂಡದ ಗಿಡಕ್ಕೆ ಒದ್ದೆ ಬಟ್ಟೆ, ಸ್ವಲ್ಪ ಸೋಪಿನ ನೀರು, ತಾಳ್ಮೆ ಇದ್ದರೆ ಸಾಕು. ಗರಿಯ ಎರಡೂ ಬದಿ ಒರೆಸಿ, ಆಮೇಲೆ ಬರಿ ನೀರಲ್ಲಿ ತೊಳೆಯಿರಿ. ಬೇಸಿಗೆಯಲ್ಲಿ ಗರಿ ಮಂಕಾಗಿ ಸಣ್ಣ ಬಲೆ ಕಟ್ಟಿದಂತಾದರೆ ಅದು ನುಸಿ. ಒಣ ಗಾಳಿಯಲ್ಲಿ ಹೆಚ್ಚುವ ನುಸಿಗೆ ನೀರಿನ ರಭಸವೇ ಮದ್ದು. ಬಿಳಿನೊಣಕ್ಕೂ ರಭಸದ ನೀರು ಒಳ್ಳೆಯದು. ತೋಟದಲ್ಲಿ ವಿಷ ಹೊಡೆದರೆ ಆ ನೊಣದ ಮರಿಗಳೊಳಗೆ ಮೊಟ್ಟೆಯಿಟ್ಟು ಕೊಲ್ಲುವ ಎನ್ಕಾರ್ಸಿಯಾ ಎಂಬ ಪುಟ್ಟ ಕಣಜವೂ ಸಾಯುತ್ತದೆ. ಅದು ಸತ್ತ ಮೇಲೆ ನೊಣ ಇಮ್ಮಡಿಯಾಗುತ್ತದೆ. ಸಂಶಯ ಬಂದಾಗ ಗರಿಯ ಒಂದು ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ತಾಲ್ಲೂಕಿನ ತೋಟಗಾರಿಕೆ ಕಚೇರಿಗೋ, ಮಾಗಡಿ ತಾಲ್ಲೂಕು ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ತೋರಿಸಿ.

ಕೊನೆಯದಾಗಿ ನಮ್ಮದೇ ಈಚಲಿನ ಪರವಾಗಿ ಎರಡು ಮಾತು. ಮಡಗಾಸ್ಕರ್, ಮೆಕ್ಸಿಕೋ, ವಿಯೆಟ್ನಾಂಗಳಿಂದ ಬಂದವನ್ನು ಅಕ್ಕರೆಯಿಂದ ಸಾಕುವ ನಾವು ಹಳ್ಳದ ದಂಡೆಯ ಈಚಲನ್ನು ಅಂಗಳಕ್ಕೆ ಕರೆಯುವುದಿಲ್ಲ. ಚಾಪೆ, ಬುಟ್ಟಿ, ಪೊರಕೆ ಕೊಟ್ಟ ಗಿಡ ಅದು. ನೀರಿನ ಮೇಲೆ ಬಾಗಿದ ಗರಿಗೆ ಗೀಜಗ ಗೂಡು ನೇಯುತ್ತದೆ. ಬೂದು ಹಸಿರು ಗರಿಯ ಚೆಂಡಿನಂಥ ನೆತ್ತಿ ಯಾವ ವಿದೇಶಿ ಪಾಮ್‌ಗೂ ಸೋಲುವುದಿಲ್ಲ. ಬರವನ್ನೂ ಗಡಸು ನೀರನ್ನೂ ತಾಳುತ್ತದೆ. ಈಗ ಬಡಾವಣೆಗಳ ಬಾಗಿಲಿಗೆಂದು ಬೆಳೆದ ಈಚಲ ಮರಗಳನ್ನೇ ಬುಡಸಮೇತ ಕಿತ್ತು ತರುವುದೂ ನಡೆದಿದೆ. ಹಾಗೆ ತಂದ ಮರದಿಂದ ಹಳ್ಳದ ದಂಡೆ ಬರಿದಾಗುತ್ತದೆ, ಗೀಜಗಕ್ಕೆ ಜಾಗ ತಪ್ಪುತ್ತದೆ. ಬೀಜದಿಂದ ಬೆಳೆಸುವುದು ಕಷ್ಟವೇನಲ್ಲ.

ಈಚಲ ಹಣ್ಣು ಕಳಿಯುವ ಕಾಲ ಇದೇ. ಹಣ್ಣು ತಿಂದು ಬೀಜ ತೊಳೆದು ಎರಡು ದಿನ ನೀರಲ್ಲಿ ನೆನೆಸಿ, ಒಂದಡಿ ಉದ್ದದ ಚೀಲದಲ್ಲಿ ಅರ್ಧ ಅಂಗುಲ ಆಳಕ್ಕೆ ಹಾಕಿ. ಚೀಲ ಉದ್ದವೇ ಇರಬೇಕು, ಯಾಕೆಂದರೆ ಮೊಳಕೆ ಮೊದಲು ಕೆಳಕ್ಕೆ ಇಳಿದು ಬೇರೂರಿ ಆಮೇಲೆ ಮೇಲೆ ಬರುತ್ತದೆ. ವಾರಗಟ್ಟಲೆ ಏನೂ ಕಾಣದಿದ್ದರೆ ಕೆದಕಬೇಡಿ. ಮೊದಲು ಬರುವುದು ಹುಲ್ಲಿನಂಥ ಒಂದೇ ಎಲೆ. ಕಳೆಯೆಂದು ಕಿತ್ತೀರಿ, ಜೋಕೆ. ಸೀಳಿದ ಗರಿ ಬರುವುದು ಬಹಳ ತಡವಾಗಿ. ಈಚಲಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಹೂ ಬಿಡುವ ತನಕ ಯಾವುದು ಯಾವುದೆಂದು ತಿಳಿಯುವುದಿಲ್ಲ. ಅದಕ್ಕೆ ಒಂದು ಬೀಜ ಹಾಕಿ ಸುಮ್ಮನಾಗದೆ ಐದಾರು ಹಾಕಿ, ಉಳಿದ ಸಸಿಗಳನ್ನು ನೆರೆಯವರಿಗೆ ಕೊಡಿ.